ಬೆಕ್ಕಿನ ಕ್ಷೀರವ್ರತ

ಒಂದು ಮುದಿ ಬೆಕ್ಕು ಒಂಬತ್ತು ದಿನ ಹಾಲು ಕಾಣದೆ ಸೊರಗಿದ್ದಕ್ಕೆ ನಾನೇ ಕಾರಣ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಳ್ಳುವ ಧೈರ್ಯ ಬಂದದ್ದು ಈಗ. ಈ ಹೊತ್ತು ಅದು ನನ್ನ ಮೇಜಿನ ಕೆಳಗೆ ಕೂತು, ಹಾಲು ಮುಗಿದ ಮೇಲೂ ಬಟ್ಟಲಿನ ಅಂಚು ನೆಕ್ಕುತ್ತಿದೆ. ಆ ಸದ್ದು ಕಿವಿಗೆ ಬೀಳುತ್ತಿರುವವರೆಗೆ ನಾನು ಎಂಥ ತಪ್ಪನ್ನಾದರೂ ಒಪ್ಪಿಕೊಳ್ಳಬಲ್ಲೆ.

ನನಗೊಂದು ಚಟವಿದೆ. ಯಾರ ಧ್ವನಿ ಕೇಳಿದರೂ ಅದು ನನ್ನ ಗಂಟಲಿಗೆ ಬಂದು ಬಿಡಾರ ಹೂಡುತ್ತದೆ. ಕಾಲೇಜಿನ ತರ್ಕಶಾಸ್ತ್ರದ ಗುರುಗಳು, ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಚಹಾ ಕೂಗುವವನು, ನೆಗಡಿಯಾದಾಗಿನ ನಾನು, ಎಲ್ಲರನ್ನೂ ಬೇಕೆಂದಾಗ ಹೊರಡಿಸಬಲ್ಲೆ. ಸ್ವಂತ ಧ್ವನಿಯಲ್ಲಿ ಗುರುಗಳ ಪ್ರಶ್ನೆಗೆ ಉತ್ತರ ಹೇಳುವುದೊಂದು ಮಾತ್ರ ಇನ್ನೂ ಕೈಹತ್ತಿಲ್ಲ.

ಓದಿನ ನೆವದಲ್ಲಿ ನಾನಿರುವುದು ಧಾರವಾಡದ ಮಾಳಮಡ್ಡಿಯಲ್ಲಿ, ಸೋದರತ್ತೆ ಕೃಷ್ಣಾಬಾಯಿಯ ಮನೆಯಲ್ಲಿ. ಅತ್ತೆಗೆ ಮಕ್ಕಳಿಲ್ಲ, ಭಾಗೀರಥಿ ಇದೆ. ಭಾಗೀರಥಿಯೆಂದರೆ ಈ ಬೆಕ್ಕೇ. ಹಲ್ಲು ಉದುರಿ, ಇಲಿಗಳೊಡನೆ ಒಪ್ಪಂದ ಮಾಡಿಕೊಂಡು, ಹಾಲನ್ನವನ್ನು ನೆಚ್ಚಿ ಬದುಕಿರುವ ಜೀವ. ಚಾತುರ್ಮಾಸ್ಯ ಬಂತೆಂದರೆ ಅತ್ತೆ ಒಂದು ತಿಂಗಳು ಕಾಯಿಪಲ್ಯ ಬಿಡುತ್ತಾಳೆ, ಮುಂದಿನ ತಿಂಗಳು ಮೊಸರು, ಮೂರನೆಯ ತಿಂಗಳು ಹಾಲು, ಕೊನೆಗೆ ಬೇಳೆ. ತಿಥಿ ತಿಳಿಸಲು ಆಗಾಗ ಆಚಾರ್ಯರು ಬರುತ್ತಾರೆ. ಅತ್ತೆ ಮಡಿಯಲ್ಲಿ ಅಡಿಗೆಮನೆ ಸೇರಿರುವುದರಿಂದ ಒಳಗೆ ಬಾರದೆ ಪಡಸಾಲೆಯಲ್ಲೇ ನಿಂತು ಕೂಗಿ ಹೋಗುತ್ತಾರೆ. ಹೀಗಾಗಿ ಅತ್ತೆಯ ಪಾಲಿಗೆ ಆಚಾರ್ಯರೆಂದರೆ ಬಹುಮಟ್ಟಿಗೆ ಒಂದು ಧ್ವನಿ.

ಹಾಲು ಬಿಡುವ ತಿಂಗಳ ಮೊದಲ ದಿನ. ಅತ್ತೆ ಬೆಕ್ಕಿನ ಬಟ್ಟಲಿಗೆ ಹಾಲು ಸುರಿಯುವುದು ಕೇಳಿಸಿತು. ನನಗೆ ತಡೆಯಲಾಗಲಿಲ್ಲ. ಪಡಸಾಲೆಯಲ್ಲಿ ನಿಂತು, ಮೂಗು ಬಿಗಿಹಿಡಿದು, ಆಚಾರ್ಯರಾದೆ: "ಕೃಷ್ಣಕ್ಕಾ, ವ್ರತದ ಮನ್ಯಾಗ ಬೆಕ್ಕಿಗೂ ಹಾಲು ನಿಷಿದ್ಧ ನೋಡ್ರಿ!"

"ಹೌದೇನ್ರಿ ಆಚಾರ್ಯರ? ಆತ್ರಿ," ಎಂದಳು ಅತ್ತೆ ಒಳಗಿನಿಂದ.

ನಗು ನುಂಗುತ್ತ ಕಾಲೇಜಿಗೆ ಓಡಿದೆ. ಸಂಜೆ ಬಂದು ನೋಡಿದರೆ ಬಟ್ಟಲು ತೊಳೆದು ಬೋರಲು ಹಾಕಿತ್ತು.

ಆಗಲೇ ಹೇಳಿಬಿಡಬಹುದಿತ್ತು. ಆದರೆ ನನ್ನ ಧ್ವನಿಗಳ ಚಟ ಬಲ್ಲ ಅತ್ತೆ, ವ್ರತದ ವಿಷಯದಲ್ಲಿ ಚೇಷ್ಟೆ ಮಾಡಿದರೆ ಗಂಟುಮೂಟೆ ಕಟ್ಟಿ ಊರಿಗೆ ಅಟ್ಟುತ್ತೇನೆಂದು ಒಮ್ಮೆ ಹೇಳಿದ್ದಳು. ನಾಳೆ ಹೇಳೋಣವೆಂದುಕೊಂಡೆ. ನಾಳೆ ಎನ್ನುವುದು ನನ್ನಂಥವರಿಗಾಗಿಯೇ ಇರುವ ದಿನ.

ಅಂದಿನಿಂದ ಭಾಗೀರಥಿಯ ತಟ್ಟೆಗೆ ಬೀಳುವ ಪ್ರತಿ ತುತ್ತಿಗೂ ಅತ್ತೆಯ ವಿಚಾರಣೆ ಶುರುವಾಯಿತು. ಪಕ್ಕದ ಮನೆಯವರು ಬೆಕ್ಕಿಗೆಂದು ಶಿರಾ ಕೊಟ್ಟರೆ, "ರವಾ ನೀರಿನ್ಯಾಗ ಕುದಿಸೀರೋ, ಹಾಲಿನ್ಯಾಗೋ?" ಚಪಾತಿ ಬಂದರೆ, "ಕಣಕ ಏನ ಹಾಕಿ ನಾದೀರಿ?" ಪೇಢಾ ಕಟ್ಟಿಸಿಕೊಂಡು ಬಂದ ಅತಿಥಿಗಳನ್ನು ಬೆಕ್ಕು ಆಸೆಯಿಂದಲೂ ಅತ್ತೆ ಸಂಶಯದಿಂದಲೂ ನೋಡಿದರು. ಮನುಷ್ಯರು ಇಷ್ಟು ವಿಚಾರಿಸಿ ಉಣ್ಣುವುದನ್ನು ನಾನು ಕಂಡಿಲ್ಲ. ಖಾನಾವಳಿಯಲ್ಲಿ ಝುಣಕ ಬಡಿಸುವವನನ್ನು ಇದರಲ್ಲೇನಿದೆ ಎಂದು ಕೇಳುವ ಗಂಡಸು ಧಾರವಾಡದಲ್ಲಿ ಇನ್ನೂ ಹುಟ್ಟಿಲ್ಲ. ಕೇಳಿದರೆ ಎರಡನೆಯ ಸಲ ಬಡಿಸುವುದಿಲ್ಲವೆಂಬ ಭಯ. ನಮ್ಮ ಹೊಟ್ಟೆಯನ್ನು ದೇವರ ಮೇಲೆ ಬಿಟ್ಟು, ನಾವು ಪ್ರೀತಿಸುವವರ ತಟ್ಟೆಗೆ ಮಾತ್ರ ಕಾವಲು ಕೂರುತ್ತೇವೆ.

ಮೊಸರಿಗೆ ಅಡ್ಡಿಯಿರಲಿಲ್ಲ, ಆದರೆ ಭಾಗೀರಥಿ ಅದನ್ನು ಮೂಸಿ ಮುಖ ತಿರುವಿತು. ಬೇಳೆಯ ಕಟ್ಟಿಗೂ ಅದೇ ಮರ್ಯಾದೆ. ವಾರ ಕಳೆಯುವಷ್ಟರಲ್ಲಿ ಅದರ ಬೆನ್ನಿನ ಎಲುಬು ಎಣಿಸುವಂತಾಯಿತು. ಅತ್ತೆಯೂ ಅರ್ಧ ಊಟಕ್ಕೇ ಏಳತೊಡಗಿದಳು.

ಹೆದರಿ ಹುಬ್ಬಳ್ಳಿಗೆ ಹೋದೆ. ಅಲ್ಲಿ ರೈಲ್ವೆ ಕಚೇರಿಯ ಗೆಳೆಯನೊಬ್ಬನ ಬಳಿ, ವಿಲಾಯತಿಗೆ ಮರಳಿದ ಸಾಹೇಬರೊಬ್ಬರು ಬಿಟ್ಟುಹೋದ ಬೆಕ್ಕಿನ ಬಿಸ್ಕೀಟಿನ ಡಬ್ಬಿಯಿತ್ತು. ಒಡೆಯದ ಡಬ್ಬಿ, ಮೇಲೆ ನನಗಿಂತ ಪುಷ್ಟವಾದ ಬೆಕ್ಕಿನ ಚಿತ್ರ. ಗೆದ್ದೆನೆಂದು ತಂದು ಅತ್ತೆಯ ಮುಂದಿಟ್ಟೆ.

"ಏನೇನ ಹಾಕ್ಯಾರ, ಓದು," ಎಂದಳು.

ಓದಿದೆ: ಗೋಧಿ, ಜವೆಗೋಧಿ, ಉಪ್ಪು. ಅಲ್ಲಿಗೆ ನನ್ನ ಇಂಗ್ಲಿಷು ನಿಂತಿತು.

ಅತ್ತೆಗೆ ಇಂಗ್ಲಿಷು ಬಾರದು, ಸಾಲು ಎಣಿಸಲು ಬರುತ್ತದೆ. "ಇನ್ನೂ ಎರಡು ಸಾಲು ಅದಾವಲ್ಲೋ ಶೀನ್ಯಾ?"

"ಒಂದು ಹಾಲಿನ ಪುಡಿ, ಅತ್ತಿ."

"ಇನ್ನೊಂದು?"

"ಮೀನಿನ..."

ಡಬ್ಬಿ ಕಿಟಕಿಯಿಂದ ಹೊರಗೆ ಹಾರಿತು. ಅತ್ತೆ ಮತ್ತೊಮ್ಮೆ ಸ್ನಾನ ಮಾಡಿದಳು. ನನಗೂ ಮಾಡಿಸಿದಳು.

ಮರುದಿನ ಬೆಳಿಗ್ಗೆ ಹೆಸರು ಹಿಡಿದು ಕರೆದರೂ ಭಾಗೀರಥಿ ಒಲೆಯ ಬದಿಯಿಂದ ಏಳಲಿಲ್ಲ. ಕಿವಿ ಮಾತ್ರ ಅಲುಗಿತು. ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ಆಚಾರ್ಯರ ಮನೆಗೆ ಓಡಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ನನ್ನ ಧ್ವನಿ ಹೆಂಗ ತಗೀತಿ, ತಗಿ ನೋಡೋಣು," ಎಂದರು. ತೆಗೆದೆ. "ನಾ ಅಷ್ಟೇನು ಮೂಗಿನ್ಯಾಗ ಮಾತಾಡೂದಿಲ್ಲ," ಎಂದರು, ಪೂರ್ತಿ ಮೂಗಿನಲ್ಲಿ. ಆಮೇಲೆ ಉತ್ತರೀಯ ಹೊದ್ದು ನನ್ನ ಜೊತೆ ಹೊರಟರು.

ಪಡಸಾಲೆಯಲ್ಲಿ ನಿಂತು ಕೂಗಿದರು: "ಕೃಷ್ಣಕ್ಕಾ, ಬೆಕ್ಕಿಗೆ ಯಾವ ವ್ರತಾನೂ ಇಲ್ಲ. ಹಾಲು ಹಾಕ್ರಿ."

ಒಳಗಿನಿಂದ ಸೌಟು ನೆಲಕ್ಕೆ ಬಿದ್ದ ಸದ್ದು ಬಂತು. "ಏ ಭಾಡ್ಯಾ ಶೀನ್ಯಾ! ಆಚಾರ್ಯರ ಧ್ವನಿ ತಗದು ನನಗ ಮೋಸ ಮಾಡ್ತಿಯೇನು? ನಾಲಿಗಿ ಸುಡ್ತೇನಿ ನೋಡು!"

ಆಚಾರ್ಯರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. "ಕೃಷ್ಣಕ್ಕಾ, ನಾ ಖರೇನ ಆಚಾರ್ಯ," ಎಂದರು ದೀನರಾಗಿ. ಅದಕ್ಕೆ ಅತ್ತೆ ಒಲೆ ಊದುವ ಕೊಳವಿ ಹಿಡಿದುಕೊಂಡೇ ಹೊರಬಂದಳು. ನಿಜವಾದ ಆಚಾರ್ಯರನ್ನೂ, ಅವರ ಹಿಂದೆ ಅಡಗಿದ್ದ ಸುಳ್ಳು ಆಚಾರ್ಯನನ್ನೂ ಕಂಡಳು. ನಾನು ನನ್ನದೇ ಧ್ವನಿಯಲ್ಲಿ ತಪ್ಪೊಪ್ಪಿಕೊಂಡೆ.

ಅತ್ತೆ ಒಳಗೆ ಹೋದಳು. ಬಟ್ಟಲಿಗೆ ಹಾಲು ಸುರಿದ ಸದ್ದಾಯಿತು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಲೊಚ್, ಲೊಚ್ ಎಂದು ಶುರುವಾಯಿತು. ನಾನು ಪಡಸಾಲೆಯಲ್ಲೇ ಕುಸಿದು ಕೂತೆ. ಆಚಾರ್ಯರೂ ಕೂತರು, ಅವರೂ ಅಷ್ಟು ಹೊತ್ತು ಉಸಿರು ಹಿಡಿದಿದ್ದರೆಂದು ತೋರುತ್ತದೆ.

ಜೀವ ಹಗುರಾದೊಡನೆ ನನ್ನ ನಾಲಿಗೆಯೂ ಹಗುರಾಯಿತು. "ಅತ್ತಿ, ನಾ ಆಚಾರ್ಯ ಆದಾಗ ನಂಬಿದಿ, ಖರೇ ಆಚಾರ್ಯರು ಬಂದಾಗ ನಂಬಲಿಲ್ಲ. ಇದೆಂಥಾ ನ್ಯಾಯ?"

ಅತ್ತೆ ಬಾಗಿಲಿಗೆ ಬಂದು, ನಮ್ಮಿಬ್ಬರನ್ನೂ ಒಂದೇ ನೋಟದಲ್ಲಿ ಅಳೆದು ಹೇಳಿದಳು:

"ಹಾಲು ಹಾಕಬ್ಯಾಡ ಅಂದಾಗ, ಇದು ಆಚಾರ್ಯರ ಮಾತು ಅನಿಸ್ತು. ಹಾಕು ಅಂದಾಗ, ಇದು ನಮ್ಮ ಹುಡುಗನ ಮಾತು ಅನಿಸ್ತು. ನೀವಿಬ್ರೂ ನನ್ನ ಲೆಕ್ಕಾ ಸುಳ್ಳು ಮಾಡಿದ್ರಿ."