ಬಿಳಿ ಶರ್ಟಿನ ಮೆಕ್ಯಾನಿಕ್

ಹರವೆ ಕಡೆಯ ನಮ್ಮ ಕರಿಕಲ್ಲು ಕ್ವಾರಿಗೆ ಗುಂಡ್ಲುಪೇಟೆಯಿಂದ ಒಬ್ಬ ಮೆಕ್ಯಾನಿಕ್ ಬರುತ್ತಿದ್ದರು. ಆ ಧೂಳಿನಲ್ಲೂ ಇಸ್ತ್ರಿ ಮಾಡಿದ ವೈಟ್ ಶರ್ಟ್, ಅದೂ ಫುಲ್ ಸ್ಲೀವ್ಸ್! ಅಂಥ ಸ್ಟೈಲ್ ಈಗ ಯಾರಲ್ಲೂ ಕಾಣೆ. ಕೊಳೆಯಾಗುವುದಿಲ್ಲವೇ ಎಂದು ಅಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ಕೇಳಿದರೆ, "ನಿಲ್ಲೋ ಜಾಗ ಗೊತ್ತಿರ್ಬೇಕು ಕಣ್ರಮ್ಮಾ," ಎನ್ನುತ್ತಿದ್ದರು. ಧೂಳು ಹೊರಗಿನಿಂದ, ಎಂಜಿನ್ ತಂಪಾಗಿಡುವ ರೇಡಿಯೇಟರಿಗೆ ನುಗ್ಗುತ್ತದೆ. ಅವರು ಒಳಗಿನ ಫ್ಯಾನ್ ಕಡೆ ನಿಂತು ಹೊರಕ್ಕೆ ಗಾಳಿ ಊದುತ್ತಿದ್ದರು. ಧೂಳು ಆಚೆ, ಶರ್ಟ್ ಈಚೆ.

ಒಂದು ಬೇಸಿಗೆಯಲ್ಲಿ ಕಲ್ಲು ಎತ್ತುವ ಲೋಡರ್ ಪದೇ ಪದೇ ಬಿಸಿಯಾಗಿ ನಿಲ್ಲತೊಡಗಿತು. ಹೊಸ ಆಪರೇಟರ್ ಎಂಜಿನ್ ಕೆಡಿಸಿದನೆಂದು ಕ್ವಾರಿಯ ಯಜಮಾನರು ಅವನನ್ನು ಅಂದೇ ಕೆಲಸದಿಂದ ತೆಗೆಯುವ ಹಠದಲ್ಲಿದ್ದರು. ಅವನು ಟವೆಲ್ ಹಿಂಡುತ್ತ ನಿಂತಿದ್ದ. ಮೆಕ್ಯಾನಿಕ್ ರೇಡಿಯೇಟರ್ ನೋಡಿ ನಕ್ಕರು.

"ಏನ್ಲಾ, ಧೂಳ್ ಮ್ಯಾಲೆ ನೀರ್ ಉಯ್ದ್‌ಬುಟ್ಟು ಗಾಳಿ ಆಡ್ದಂಗೆ ಕೆಸರ್ ಗೋಡೆ ಕಟ್ಟಿದ್ದೀಯ?"

"ತಂಪಾಗ್ಲಿ ಅಂತ ಉಯ್ದೆ ಕಣಣ್ಣ."

ಅವರು ತಾವೇ ಕೈಹಾಕಲಿಲ್ಲ. ಪೈಪನ್ನು ಅವನ ಕೈಗೆ ಕೊಟ್ಟು, ಭುಜ ಹಿಡಿದು ಫ್ಯಾನ್ ಕಡೆ ನಿಲ್ಲಿಸಿದರು. ಅಂಟಿದ್ದ ಕೆಸರನ್ನು ನೆನೆಸಿ, ಹೊರಕ್ಕೆ ತೊಳೆದು, ಗಾಳಿ ಊದಿ ಒಣಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಸಂಜೆಯವರೆಗೆ ಕಲ್ಲು ಎತ್ತಿದರೂ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಲಿಲ್ಲ.

"ಆದರೂ ಇವನನ್ನ ಕಳಿಸಿಬಿಡ್ತೀನಿ," ಎಂದರು ಯಜಮಾನರು.

"ಕಳ್ಸಿ ಸಾರ್. ಆದ್ರೆ ನಾಳೆಯಿಂದ ದಿನಾ ಗಾಳಿ ಊದೋರ್ಯಾರು? ನಿಮ್ ಕ್ವಾರೀಲಿ ಆ ಕೆಲ್ಸ ಕಲ್ತಿರೋನು ಇವ್ನೊಬ್ನೆ."

ಯಜಮಾನರು ಲೋಡರನ್ನು ನೋಡಿದರು, ಆಪರೇಟರನ್ನೂ ನೋಡಿದರು.

"ಬೆಳಿಗ್ಗೆ ಬೇಗ ಬಾರಯ್ಯ," ಎಂದು ಅವನಿಗೆ ಹೇಳಿ, ಕಾರಿನ ಕಡೆ ನಡೆದರು.