ಮಾವನವರ ಕೊಡೆಯಲ್ಲಿ ಕಟ್ಟಿದ ಗೂಡು

ಮದುವೆಯಾಗಿ ಮಧುವನಹಳ್ಳಿಗೆ ಬಂದಾಗ ನನಗೆ ಚೆನ್ನಾಗಿ ಬರುತ್ತಿದ್ದದ್ದು ಎರಡೇ: ಕಾಗದವನ್ನು ನೆರಿಗೆ ಮಡಿಚಿ ಬೀಸಣಿಗೆ ಮಾಡುವುದು, ಮತ್ತು ಚಿಂತೆ ಮಾಡುವುದು. ಮೊದಲನೆಯದನ್ನು ಕೊಳ್ಳೇಗಾಲದ ಕಾನ್ವೆಂಟಿನಲ್ಲಿ ಕಲಿತಿದ್ದೆ. ಎರಡನೆಯದರಲ್ಲಿ ನಮ್ಮತ್ತೆ ನನಗಿಂತ ಮುಂದಿದ್ದರು. ಹಾಲು ಒಲೆಗೆ ಇಡುವ ಮೊದಲೇ ಅದು ಉಕ್ಕಿಹೋಯಿತೆಂದು ನೊಂದುಕೊಳ್ಳುವವರು.

ಆ ಬೇಸಿಗೆ ಅವರ ಚಿಂತೆಗೆ ಕಾರಣವಿತ್ತು. ಹಿಂದಿನ ರೇಷ್ಮೆ ಬೆಳೆ ರೋಗ ಬಂದು ಹೋಗಿತ್ತು. “ಇದೂ ಓದ್ರೆ ಇಪ್ನೇರ್ಳೆ ಕಿತ್ತಾಕಿ ಕಬ್ಬು ಆಕ್ತೀನಿ” ಎಂದು ಮಾವ ಹೇಳಿಬಿಟ್ಟಿದ್ದರು. ಹುಳ ಸಾಕುವುದೆಂದರೆ ಅತ್ತೆಗೆ ಪ್ರಾಣ. ರಾತ್ರಿ ಅವು ಸೊಪ್ಪು ಮೇಯುವ ಸದ್ದು ಕೇಳದಿದ್ದರೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಸೆಖೆಗೆ ಹುಳ ಬೇಗನೆ ಹಣ್ಣಾದವು. ಮೈ ಹಳದಿ ಗಾಜಿನಂತಾಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ಆಗ ಅವನ್ನು ಬಿದಿರಿನ ಚಂದ್ರಿಕೆಯ ಸುರುಳಿಗಳಿಗೆ ಬಿಡಬೇಕು. ಇಲ್ಲವಾದರೆ ಸಾಕುವ ತಟ್ಟೆಯಲ್ಲೇ ಒಂದರ ಮೇಲೊಂದು ನೂಲು ಬಿಟ್ಟು ಬೆಳೆಯೆಲ್ಲ ಹಾಳು. ಚಂದ್ರಿಕೆ ಬಾಡಿಗೆಗೆ ತರಲು ಹನೂರಿಗೆ ಹೋಗಿದ್ದ ನಮ್ಮವರು ಬರಿಗೈಲಿ ಬಸ್ಸಿಳಿದರು.

“ಅಲ್ಲೋರ ಉಳನೂ ಇವತ್ತೇ ಅಣ್ಣಾಗವೆ ಕಣವ್ವ. ಒಂದೂ ಸಿಕ್ನಿಲ್ಲ.”

ಅತ್ತೆ ಬಾಗಿಲಲ್ಲೇ ಕುಸಿದು ಕುಳಿತರು. ನಾನೂ ಪಕ್ಕದಲ್ಲಿ ಕೂರುವವಳಿದ್ದೆ. ಅಷ್ಟರಲ್ಲಿ ಬಾಗಿಲ ಸಂದಿಯ ಹೊಸ ಪೊರಕೆ ಕಣ್ಣಿಗೆ ಬಿತ್ತು. ತಟ್ಟೆಯಿಂದ ಜಾರಿದ ಹುಳವೊಂದು ಅದನ್ನು ಹತ್ತಿ, ಕಡ್ಡಿಗಳ ನಡುವೆ ತಲೆ ಆಡಿಸುತ್ತಾ, ಯಾರ ಅಪ್ಪಣೆಗೂ ಕಾಯದೆ ಎಳೆ ಹಾಕುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಕಾನ್ವೆಂಟಿನಲ್ಲಿ ಕೈಕೆಲಸ ಹೇಳಿಕೊಡುತ್ತಿದ್ದ ಸಿಸ್ಟರ್, ಬಣ್ಣದ ಕಾಗದ ಮುಗಿದರೆ ಬೆಂಕಿಕಡ್ಡಿ, ಗುಂಡಿ, ಏನಿದೆಯೋ ಅದನ್ನು ಮೇಜಿನ ಮೇಲೆ ಸುರಿದು, “ಇದು ಇನ್ನೇನಾಗಬಹುದು?” ಎಂದು ಕೇಳುತ್ತಿದ್ದರು. ನಾನು ಗೋಡೆಯ ಹಳೇ ಕ್ಯಾಲೆಂಡರ್ ಕಿತ್ತು ಸಣ್ಣ ನೆರಿಗೆ ಮಡಿಚಿ, ನಾಲ್ಕು ಹುಳ ಬಿಟ್ಟೆ. ಅವು ಒಂದೊಂದು ಮಡಿಕೆ ಹಿಡಿದು ಕುಳಿತವು.

ಅತ್ತೆ ಬಗ್ಗಿ ನೋಡಿದರು. “ಕೂಸೇ, ಕುಂತ್ಕಂಡ್ವಲ್ಲ. ಇನ್ನೊಂದ್ ಮಡ್ಚು.”

ಆಮೇಲೆ ಮನೆಗೆ ಹುಚ್ಚು ಹಿಡಿದಂತಾಯಿತು. ಹಳೇ ಪೇಪರೆಲ್ಲ ನೆರಿಗೆಯಾಯಿತು. ಮನೆಯ ಪೊರಕೆಗಳಿಗೂ ಹುಳ ಬಿಟ್ಟೆವು. ನಮ್ಮವರು ತೊಗರಿ ಕಡ್ಡಿಯ ಕಂತೆ ಕಟ್ಟಿದರು. ನಾನು ಒಂದು ಹೇಳಿದರೆ ಅತ್ತೆ ಎರಡು ಹೇಳತೊಡಗಿದರು.

“ಆ ಏಣಿಗೆ ಉಲ್ಲು ಕಟ್ಟುದ್ರೆ ಎಂಗೆ?”

“ಕಟ್ಟಿ ಅತ್ತೆ.”

“ನಿಮ್ಮಾವುನ್ ಕೊಡೆ ತಕಂಬಾ.”

“ಬೈತಾರೆ ಅತ್ತೆ.”

“ಬೈಲಿ. ಮಳೆ ಎಲ್ಲದೆ ಈಗ?”

ಮಾವನವರ ಕರಿ ಕೊಡೆ ಬಿಚ್ಚಿ, ತಲೆಕೆಳಗಾಗಿ ತೊಲೆಗೆ ತೂಗಿ, ಒಳಗೆ ಕಡ್ಡಿ ತುಂಬಿ ಹುಳ ಬಿಟ್ಟೆವು. ದೀಪ ಹಚ್ಚುವ ಹೊತ್ತಿಗೆ ತಟ್ಟೆಗಳು ಖಾಲಿ. ಅತ್ತೆಯ ತುರುಬಿಗೂ ಒಂದು ಹುಳ ಹತ್ತಿತ್ತು. ತೆಗೆಯುವಾಗ ನಾವಿಬ್ಬರೂ ನಕ್ಕು ನಕ್ಕು ನೆಲಕ್ಕೆ ಕುಳಿತೆವು.

ಮರುದಿನವೇ ಮಳೆ. ಗೂಡು ಗಟ್ಟಿಯಾಗುವ ತನಕ ಕೊಡೆ ಮುಟ್ಟುವಂತಿಲ್ಲ. ಮಾವ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಹೊಲಕ್ಕೆ ಹೊರಟರು. ಎದುರು ಮನೆಯವರು ಜಗಲಿಯಿಂದಲೇ ಕೇಳಿದರು. “ಯಾಕಣ್ಣ, ಕೊಡೆ ಏನಾಯ್ತು?”

“ಉಳಕ್ಕೆ ಬಾಡ್ಗೆಗ್ ಕೊಟ್ಟಿವ್ನಿ.”

ಗೂಡು ಬಿಡಿಸುವ ದಿನ ಮಾವನೂ ಬಂದು ಕುಳಿತರು. ಪೊರಕೆಯವು ಒಂದಷ್ಟು ಸೊಟ್ಟಗಿದ್ದವು, ಕೆಲವು ಜೋಡಿಗೂಡಾಗಿದ್ದವು. ಕ್ಯಾಲೆಂಡರಿನ ನೆರಿಗೆಯಲ್ಲಿದ್ದವು ಮಾತ್ರ ಒಂದೇ ಅಳತೆಗೆ, ಬಲಿತ ಕಡಲೆಕಾಯಿಯ ಹಾಗೆ ಗಟ್ಟಿಯಾಗಿ. ಅತ್ತೆ ಒಂದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಹುಳ ಗಟಗಟ ಅನ್ನುವುದನ್ನು ಕೇಳಿ, ಮಾವನ ಅಂಗೈಗೆ ಹಾಕಿದರು. ಅವರು ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಎದ್ದು ಕೊಡೆಯೊಳಗಿನ ಕಡ್ಡಿಗಳನ್ನು ತಾವೇ ಮೆಲ್ಲಗೆ ತೆಗೆದರು. ಕಬ್ಬಿನ ಮಾತೇ ಎತ್ತಲಿಲ್ಲ.

“ಮುಂದ್ಲ ಬೆಳೆಗೆ ಮೊಟ್ಟೆ ತರಕ್ ಮುಂಚೆ ನಂಗೊಂದ್ ಮಾತು ಯೋಳು” ಎಂದರು ಅತ್ತೆಗೆ.

“ಯಾಕೆ?”

“ಕೊಡೆ ತಕಂಡು ಯಳಂದೂರ್ ನಂಟ್ರು ಮನೆಗೆ ಒಂಟೋಯ್ತೀನಿ.”