ತಮ್ಮನಿಗೆ ಹೇಳಿದ ಮೊದಲ ಹೆಸರು

ನಾನು ಚಿಕ್ಕವಳಿದ್ದಾಗ ನಾಲ್ಕು ಜನರ ಮುಂದೆ ಬಾಯಿ ಬಿಡುವವಳಾಗಿರಲಿಲ್ಲ. ಶಾಲೆಯಲ್ಲಿ ಹಾಜರಿ ಕರೆದರೂ ನನ್ನ ಪರವಾಗಿ ಪಕ್ಕದವಳೇ ಉತ್ತರ ಕೊಡುತ್ತಿದ್ದಳು. ಅಂಥ ನಾನು ಒಂಬತ್ತನೆಯ ವಯಸ್ಸಿನಲ್ಲಿ ನನ್ನ ತಮ್ಮನಿಗೆ ಜ್ಞಾನಸ್ನಾನ ಕೊಟ್ಟೆ. ಮೊಮ್ಮಕ್ಕಳೇ, ಇದನ್ನು ನಿಮ್ಮೆದುರು ಕೂತು ಹೇಳಲು ನನಗೆ ಈಗಲೂ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಕಡಬದ ಹತ್ತಿರ ಇತ್ತು. ಅಪ್ಪನಿಗೆ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸ. ಅವರ ಅಂಗಿಗೆ ಯಾವಾಗಲೂ ರಬ್ಬರ್ ಶೀಟಿನ ಹೊಗೆ ವಾಸನೆ. ಆ ದಿನ ಅಕ್ಕ ಶಾಲೆಗೆ ಹೋಗಿದ್ದಳು. ನಾನು ಜ್ವರ ಬಿಟ್ಟು ಮನೆಯಲ್ಲೇ ಇದ್ದೆ. ತಿಂಗಳು ತುಂಬುವ ಮೊದಲೇ ಅಮ್ಮನಿಗೆ ನೋವು ಶುರುವಾಯಿತು. ಅಪ್ಪ ಜೀಪು ತರಲು ಓಡಿದರು. ಊರಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ಆಚೆಮನೆಯ ಗೌಡರ ದೊಡ್ಡಮ್ಮ, ಕೈಯಲ್ಲಿದ್ದ ಹುಲ್ಲಿನ ಕಟ್ಟನ್ನು ಅಂಗಳದಲ್ಲೇ ಬಿಸಾಡಿ ಒಳಗೆ ಬಂದರು.

ಜೀಪು ಬರುವ ಮೊದಲೇ ತಮ್ಮ ಹುಟ್ಟಿದ. ಅಂಗೈಯಷ್ಟೇ ಇದ್ದ. ಮೈ ನೀಲಿಗಟ್ಟಿತ್ತು, ಕೂಗಲೇ ಇಲ್ಲ. ದೊಡ್ಡಮ್ಮ ಅವನ ಬೆನ್ನು ಉಜ್ಜಿದರು, ಪಾದ ತಟ್ಟಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನನ್ನು ನೋಡಿ ಕರೆದರು.

“ಬಾ ಮಗಾ. ನಿಮ್ಮದರಲ್ಲಿ ಹೀಗಾದ್ರೆ ನೀರು ಹಾಕಿ ಎಂತದೋ ಹೇಳ್ಲಿಕ್ಕೆ ಉಂಟಲ್ಲ, ನಿನಗೆ ಬರ್ತದಾ?”

ಬರುತ್ತಿತ್ತು. ಮಗುವಿನ ಜೀವಕ್ಕೆ ಅಪಾಯವಿದ್ದರೆ ಪಾದ್ರಿಗಳಿಗಾಗಿ ಕಾಯಬೇಕಾಗಿಲ್ಲ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎಂದು ಇಗರ್ಜಿಯ ಪಾಠದಲ್ಲಿ ಕಲಿಸಿದ್ದರು. ಚೊಂಬಿನಲ್ಲಿದ್ದ ಉಗುರುಬೆಚ್ಚಗಿನ ನೀರನ್ನು ಅವನ ತಲೆಗೆ ಮೂರು ಸಲ ಹನಿಸಿದೆ. ಮೂರನೆಯದು ಅರ್ಧ ದೊಡ್ಡಮ್ಮನ ಸೀರೆಗೆ ಹೋಯಿತು. ನಮ್ಮ ಮನೆಮಾತಾದ ಕೊಂಕಣಿಯಲ್ಲೇ ಹೇಳಿದೆ: ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ದೊಡ್ಡಮ್ಮ ಉಜ್ಜುವುದನ್ನು ನಿಲ್ಲಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ತಮ್ಮ ಒಂದು ಸಣ್ಣ ಸೀನು ಸೀನಿ ಕೂಗತೊಡಗಿದ. ದೊಡ್ಡಮ್ಮ ಸೀರೆ ಹಿಂಡಿಕೊಳ್ಳುತ್ತಾ, ನೀರು ಹಾಕಿದ್ದು ಅವನಿಗೋ ತನಗೋ ಎಂದು ನಕ್ಕರು. ಅಮ್ಮನೂ ನಕ್ಕು ಅತ್ತರು.

ಸಂಜೆ ಅಕ್ಕ ಬಂದು ಎಲ್ಲ ಕೇಳಿದಳು. ಅವಳು ನನಗಿಂತ ಐದು ವರ್ಷ ದೊಡ್ಡವಳು, ಇಗರ್ಜಿಯ ಪಾಠದಲ್ಲಿ ಮೊದಲನೆಯವಳು.

“ಎಂತ ಹೆಸರು ಇಟ್ಟಿ?”

ನಾನು ಯಾವ ಹೆಸರೂ ಇಟ್ಟಿರಲಿಲ್ಲ. ಮರೆತೇ ಹೋಗಿತ್ತು.

“ಹಾಗಾದ್ರೆ ಅದು ಆಗ್ಲೇ ಇಲ್ಲ ಮಾರಾಯ್ತಿ. ಹೆಸರಿಲ್ಲದೆ ಯಾರಿಗೆ ಕೊಟ್ಟದ್ದು ನೀನು, ಗೋಡೆಗಾ?”

ಭಾನುವಾರದವರೆಗೆ ನನಗೆ ಗಂಜಿ ಇಳಿಯಲಿಲ್ಲ. ನನ್ನ ತಪ್ಪಿನಿಂದ ತಮ್ಮ ದೇವರ ಮನೆಯ ಹೊರಗೇ ಉಳಿದ ಎಂಬ ಸಂಕಟ. ಅವನು ಬಿಕ್ಕಳಿಸಿದರೂ ಓಡುತ್ತಿದ್ದೆ. ಒಂದು ಮಧ್ಯಾಹ್ನ, ಈ ಸಲ ಹೆಸರಿಟ್ಟೇ ಮಾಡೋಣ ಎಂದು ಚೊಂಬು ಹಿಡಿದು ತೊಟ್ಟಿಲ ಹತ್ತಿರ ಹೋದಾಗ ಅಮ್ಮ ಹಿಡಿದರು. ಮಗುವಿಗೆ ಶೀತವಾಗುತ್ತದೆ ಎಂದು ಬೈದು ಚೊಂಬು ಕಸಿದುಕೊಂಡರು.

ಭಾನುವಾರ ಅಪ್ಪ ಮಗುವನ್ನು ಇಗರ್ಜಿಗೆ ಎತ್ತಿಕೊಂಡು ಹೋದರು. ದೊಡ್ಡಮ್ಮನೂ ಹೊಸ ಸೀರೆ ಉಟ್ಟು ಬಂದಿದ್ದರು. ನಾನು ಅಪ್ಪನ ಬೆನ್ನ ಹಿಂದೆ ಅಡಗಿದೆ. ಪಾದ್ರಿಗಳು ಕುಕ್ಕರುಗಾಲಲ್ಲಿ ಕೂತು, ನೀರು ಹಾಕಿದೆಯಾ, ಏನು ಹೇಳಿದೆ ಎಂದು ವಿಚಾರಿಸಿದರು. ನಾನು ಪಿಸುದನಿಯಲ್ಲಿ ಹೇಳಿದೆ. ಆಮೇಲೆ ತಡೆಯಲಾಗಲಿಲ್ಲ.

“ಹೆಸರು ಇಡ್ಲಿಕ್ಕೆ ಮರ್ತೆ, ಫಾದರ್.”

ಅವರು ನಗಲಿಲ್ಲ. ದೊಡ್ಡಮ್ಮನಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಮಾತಾಡಿದರು.

“ಇವನನ್ನು ಕರೆಯುವ ಹೆಸರು ಅಪ್ಪ ಇವತ್ತು ಇಡ್ತಾರೆ. ಇವನು ಯಾರವನು ಅಂತ ಹೇಳುವ ಹೆಸರು ಬೇರೆ ಉಂಟು. ದೇವರದ್ದು. ಅದನ್ನು ನೀನು ಅವತ್ತೇ ಹೇಳಿ ಆಯ್ತು.”

ಅಕ್ಕ ಬಿಡಲಿಲ್ಲ. ಹೇಗೂ ಬಂದದ್ದಲ್ಲವೇ, ನೀವೇ ಇನ್ನೊಮ್ಮೆ ನೀರು ಹಾಕಿಬಿಡಿ ಎಂದಳು.

“ಇವಳು ಮಾಡಿದ್ದು ಇವಳ ಹೆಸರಿನಲ್ಲಿ ಅಲ್ಲ. ನಾನು ಮಾಡುದು ಕೂಡ ನನ್ನ ಹೆಸರಿನಲ್ಲಿ ಅಲ್ಲ. ದೇವರ ಹೆಸರಿನಲ್ಲಿ ಆದದ್ದನ್ನು ಮತ್ತೆ ಮಾಡ್ಲಿಕ್ಕೆ ನಾನು ಯಾರು ಮಗಾ?”

ಅವರು ನೀರನ್ನು ಮುಟ್ಟಲೇ ಇಲ್ಲ. ಹಣೆಗೆ ಪವಿತ್ರ ಎಣ್ಣೆ ಹಚ್ಚಿ, ಬಿಳಿ ಬಟ್ಟೆ ಹೊದೆಸಿ, ಮೇಣದಬತ್ತಿ ಹಚ್ಚಿದರು. ಅಪ್ಪ ತಮ್ಮನ ಹೆಸರನ್ನು ಇಗರ್ಜಿ ಪೂರ್ತಿ ಕೇಳುವಂತೆ ಹೇಳಿದರು. ಮನೆಗೆ ಬಂದು ನಾನು ಮೂರು ಬಟ್ಟಲು ಗಂಜಿ ಕುಡಿದೆ.

ನೀವೆಲ್ಲ ಹುಟ್ಟಿದ್ದು ಪುತ್ತೂರಿನ ಆಸ್ಪತ್ರೆಯಲ್ಲಿ. ನಿಮ್ಮ ಹೆಸರುಗಳಿಗಾಗಿ ನಿಮ್ಮಪ್ಪ ಅಮ್ಮ ತಿಂಗಳುಗಟ್ಟಲೆ ಮೊಬೈಲಿನಲ್ಲಿ ಹುಡುಕಿದರು. ನಿಮ್ಮ ಜ್ಞಾನಸ್ನಾನಕ್ಕೆ ವೀಡಿಯೊದವರು ಬಂದರು, ಸಭಾಭವನದಲ್ಲಿ ಇನ್ನೂರು ಜನಕ್ಕೆ ಊಟವಾಯಿತು. ಅಷ್ಟು ಹುಡುಕಿ ಇಟ್ಟ ಚಂದದ ಹೆಸರುಗಳನ್ನು ಈ ಮುದುಕಿ ದಿನಕ್ಕೆ ಹತ್ತು ಸಲ ಅದಲುಬದಲು ಮಾಡುತ್ತಾಳೆ. ಅಣ್ಣನನ್ನು ಕರೆದರೆ ತಂಗಿ ಬಂದು ನಿಲ್ಲುತ್ತಾಳೆ. ನಗಿ, ಪರವಾಗಿಲ್ಲ. ಮಲಗುವ ಮೊದಲು ನಿಮ್ಮ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾ ನಾನು ಹೇಳುವ ಹೆಸರು ನಿಮ್ಮೆಲ್ಲರಿಗೂ ಒಂದೇ, ಅವತ್ತು ತಮ್ಮನಿಗೆ ಹೇಳಿದ್ದೇ. ಅದೊಂದು ನನಗೆ ಇನ್ನೂ ತಪ್ಪಿಲ್ಲ.